ಜಾಲರಿಯ ಹಿಂದಿನ ಮಂದ್ರ

ಓರ್ಸೊಲಾಳ ದನಿ ಕೆಳಗಿಳಿದದ್ದು ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ. ಗಂಡುಹುಡುಗರ ದನಿ ಒಡೆಯುವುದನ್ನು ಎಲ್ಲರೂ ಕಂಡಿದ್ದಾರೆ. ಆದರೆ ಹದಿನೇಳರ ಹುಡುಗಿಯೊಬ್ಬಳ ದನಿ ಮಹಡಿಯಿಂದ ಜಾರಿ ನೇರ ಕಾಲುವೆಯ ತಳದಲ್ಲಿ ಹೋಗಿ ಕುಳಿತದ್ದನ್ನು ವೆನಿಸ್ಸಿನ ಆ ಅನಾಥಾಶ್ರಮದಲ್ಲಿ ಯಾರೂ ಕಂಡಿರಲಿಲ್ಲ. ಜ್ವರ ಬಂದು ಮಲಗಿದ್ದವಳು ಒಂದು ಬೆಳಗ್ಗೆ ಹಸಿವಾಗಿ ಎದ್ದು, ಅಡುಗೆಮನೆಯ ಬಾಗಿಲಲ್ಲಿ ನಿಂತು, "ತಿನ್ನೋಕೆ ಏನಾದ್ರೂ ಇದ್ಯಾ?" ಎಂದಳು. ಒಲೆಯ ಮುಂದೆ ಪೊಲೆಂತಾ ಎಂಬ ಜೋಳದ ಹಿಟ್ಟಿನ ಮುದ್ದೆ ತಿರುವುತ್ತಿದ್ದ ಅಡುಗೆಯ ಮೆನೆಗಾ ಹೌಹಾರಿ, ಹಿಟ್ಟು ಮೆತ್ತಿದ ಕೋಲನ್ನೇ ಎತ್ತಿ ಹಿಡಿದು ತಿರುಗಿದಳು.

"ಯಾವನೋ ಅದು? ಹೆಣ್ಮಕ್ಕಳ ಮನೆಗೆ ನುಗ್ಗೋಷ್ಟು ಕೊಬ್ಬಾ ನಿಂಗೆ?"

"ನಾನು ಕಣಕ್ಕಾ. ಓರ್ಸೊಲಾ."

"ಓರ್ಸೊಲಾನ ಎಲ್ಲಿ ಬಚ್ಚಿಟ್ಟಿದ್ದೀಯ, ಅದನ್ನ ಮೊದ್ಲು ಹೇಳು!"

ಓರ್ಸೊಲಾ ಎಂದರೆ ಕರಡಿಮರಿ. ಆಶ್ರಮದ ಗೋಡೆಯ ಗೂಡಿನಲ್ಲಿ ಯಾರೋ ಬಿಟ್ಟುಹೋಗಿದ್ದ ಗುಬ್ಬಚ್ಚಿಯಂಥ ಕೂಸಿಗೆ, ಆ ದಿನ ಯಾವ ಸಂತಳ ಹಬ್ಬವೋ ಅವಳ ಹೆಸರನ್ನೇ ಇಟ್ಟಿದ್ದರು. ಹದಿನೇಳು ತುಂಬಿದರೂ ಹುಡುಗಿ ಗುಬ್ಬಚ್ಚಿಯಾಗಿಯೇ ಉಳಿದಿದ್ದಳು. ಈಗ ಮಾತ್ರ ಹೆಸರಿಗೆ ತಕ್ಕ ದನಿ ಬಂದಿತ್ತು. ಓರಗೆಯ ಹುಡುಗಿಯರಿಗೆ ಹಬ್ಬವೋ ಹಬ್ಬ. "ಕರಡಿ, ಏನಾದ್ರೂ ಹೇಳೇ" ಎಂದು ಬೆಳಗಾದರೆ ಅವಳ ಬಾಯಿಂದ ಏನಾದರೊಂದು ಮಾತು ಹೊರಡಿಸುವುದು, ಹೊಟ್ಟೆ ಹಿಡಿದುಕೊಂಡು ಉರುಳುವುದು. ಅವರಲ್ಲಿ ಮುಂದಾಳು ಜಾನೆಟ್ಟಾ. ಮೇಳದಲ್ಲಿ ಎಲ್ಲರಿಗಿಂತ ಎತ್ತರದ ಸ್ವರ ಹಾಡುವವಳು, ಓರ್ಸೊಲಾಳ ಪಕ್ಕದ ಮಂಚದವಳು, ಅವಳ ಪ್ರಾಣಸ್ನೇಹಿತೆ. ಪ್ರಾಣಸ್ನೇಹಿತೆಯಾದ್ದರಿಂದಲೇ ಎಲ್ಲರಿಗಿಂತ ಹೆಚ್ಚು ಗೋಳು ಹೊಯ್ದುಕೊಂಡವಳೂ ಅವಳೇ.

ಆಶ್ರಮದ ಹಿರಿಯಮ್ಮನಿಗೆ ನಗು ಬರಲಿಲ್ಲ. ಆ ಮನೆಯ ಹೆಣ್ಣುಮಕ್ಕಳ ಮೇಳವೆಂದರೆ ಊರಿಗೆಲ್ಲ ಹುಚ್ಚು. ಭಾನುವಾರ ಸಂಜೆ ಅವರು ದೇವಾಲಯದ ಅಟ್ಟದಲ್ಲಿ, ಕಬ್ಬಿಣದ ಜಾಲರಿಯ ಹಿಂದೆ ಮುಖ ಕಾಣದಂತೆ ನಿಂತು ಹಾಡುವುದನ್ನು ಕೇಳಲು ಪರದೇಶದವರೂ ದೋಣಿ ಮಾಡಿಕೊಂಡು ಬರುತ್ತಿದ್ದರು. ಅಂಥಲ್ಲಿ ಈ ಗೊಗ್ಗರು ದನಿ ಯಾವ ಸಾಲಿಗೆ ಸೇರೀತು? ಹಿರಿಯಮ್ಮ ಎರಡು ಸ್ವರ ಹಾಡಿಸಿ ನೋಡಿ, ಕೈಮುಗಿದು, ಓರ್ಸೊಲಾಳನ್ನು ಬಟ್ಟೆ ಒಗೆಯುವ ಮನೆಗೆ ಕಳಿಸಿಬಿಟ್ಟಳು. ಮೇಳದವರಿಗೆ ಸಿಗುವ ಭಾನುವಾರದ ಮಾಂಸವೂ ಇಲ್ಲ, ಬೇಸಿಗೆಯಲ್ಲಿ ಶ್ರೀಮಂತರ ತೋಟದ ಮನೆಗಳಿಗೆ ಹೋಗುವ ದೋಣಿಪ್ರಯಾಣವೂ ಇಲ್ಲ.

ಮೊದಲ ವಾರ ಓರ್ಸೊಲಾ ಸೋಪಿನ ನೀರಿಗಿಂತ ಹೆಚ್ಚು ಕಣ್ಣೀರಲ್ಲೇ ಬಟ್ಟೆ ಒಗೆದಳು. ಆಮೇಲೊಂದು ದಿನ ಹಂಡೆಯ ಮುಂದೆ ಬಗ್ಗಿ ನಿಂತು, ಬೇಸರಕ್ಕೆ ಏನೋ ಗುನುಗುತ್ತಿದ್ದಾಗ ಒಂದು ಸ್ವರಕ್ಕೆ ಆ ದೊಡ್ಡ ತಾಮ್ರದ ಹಂಡೆ 'ಗುಂಯ್' ಎಂದಿತು. ಓರ್ಸೊಲಾ ಬೆಚ್ಚಿದಳು. ಮತ್ತೆ ಅದೇ ಸ್ವರ ಹಿಡಿದಳು. ಹಂಡೆ ಮತ್ತೆ 'ಗುಂಯ್' ಎಂದಿತು. ಅದಕ್ಕಿಂತ ಕೆಳಗಿನ ಸ್ವರಕ್ಕೆ ಕಿಟಕಿಯ ಗಾಜು ಅದುರಿತು. ಇನ್ನೂ ಕೆಳಕ್ಕೆ ಹೋದರೆ ಅವಳ ಎದೆಗೂಡೇ ಹಂಡೆಯಾಗಿ ಮೊಳಗಿತು. ಹಲ್ಲು ಕಚಗುಳಿಯಾಗಿ, ಮೂಗಿನ ತುದಿ ತುರಿಸಿ, ಅವಳಿಗೆ ನಗು ಉಕ್ಕಿಬಂತು. ಎತ್ತರದ ಸ್ವರ ಹಾಡುವಾಗ ತುದಿಗಾಲಲ್ಲಿ ನಿಂತು ಅಟ್ಟದ ಮೇಲಿನ ಡಬ್ಬಿಗೆ ಕೈಚಾಚಿದ ಹಾಗಿರುತ್ತಿತ್ತು. ಇದು ಹಾಗಲ್ಲ, ಇದು ತನ್ನದೇ ಮನೆಯಲ್ಲಿ ಕಾಲು ಚಾಚಿ ಕುಳಿತ ಹಾಗೆ. ಅಂದಿನಿಂದ ಅವಳು ಒಗೆಯುವ ಮನೆಗೆ ಓಡಿಕೊಂಡು ಹೋಗತೊಡಗಿದಳು. ಕೀರ್ತನೆಗಳ ತಳದ ಸಾಲುಗಳನ್ನೆಲ್ಲ ನೆನಪಿಸಿಕೊಂಡು, ದುಪ್ಪಟಿ ಬಡಿಯುತ್ತ ಹಾಡುವಳು. ಒಗೆಯುವ ಹೆಂಗಸರು ಒದ್ದೆ ಬಟ್ಟೆಯನ್ನು ಅದೇ ತಾಳಕ್ಕೆ ಕಲ್ಲಿಗೆ ಅಪ್ಪಳಿಸುವರು.

ಈಸ್ಟರಿನ ಹೊತ್ತಿಗೆ ಮೇಳಕ್ಕೆ ಹೊಸ ಗುರುಗಳು ಬಂದರು. ದೋನ್ ಜಿರೋಲಮೊ ಎಂದು ಅವರ ಹೆಸರು. ಪಾದ್ರಿ; ಗುಂಡಗಿನ ಆಳು; ತಲೆತುಂಬ ಸಂಗೀತ, ನಿಲುವಂಗಿಯ ತುಂಬ ಮಸಿಯ ಕಲೆ. ಆಗಸ್ಟಿನಲ್ಲಿ ಬರುವ ಮರಿಯಮ್ಮನ ಹಬ್ಬಕ್ಕೆ ಊರು ಬೆರಗಾಗುವಂಥ ವೃಂದಗಾನವೊಂದನ್ನು ಕಟ್ಟಬೇಕೆಂದು ಅವರಿಗೆ ಆಸೆ. ಆದರೆ ಕೆಲಸ ಒಂದೇ ಕಡೆ ಬಂದು ಮುಗ್ಗರಿಸುತ್ತಿತ್ತು. ವೃಂದಗಾನಕ್ಕೆ ತಳದ ದನಿ ಬೇಕು, ಅದು ಗಂಡಸರ ದನಿ. ಈ ಮನೆಯ ಅಟ್ಟಕ್ಕೆ ಪಾಠ ಹೇಳುವ ಪಾದ್ರಿಯನ್ನು ಬಿಟ್ಟರೆ ಬೇರೆ ಗಂಡಸು ಹತ್ತುವಂತಿಲ್ಲ. ದೊಡ್ಡ ಪಿಟೀಲಿನಲ್ಲಿ ತಳದ ಸಾಲು ನುಡಿಸಬಹುದು, ನಿಜ. ಆದರೆ ಪಿಟೀಲಿಗೆ ಬಾಯಿ ಇಲ್ಲ, 'ಆಮೆನ್' ಎನ್ನಲು ಬಾರದು. ಗುರುಗಳು ಕೋಣೆಯಲ್ಲಿ ಕುಳಿತು ಕೂದಲು ಕಿತ್ತುಕೊಳ್ಳುತ್ತಿದ್ದರು.

ಹಾಗೆ ಕಿತ್ತುಕೊಳ್ಳುತ್ತಿದ್ದ ಒಂದು ಬೆಳಗ್ಗೆ, ಅಂಗಳದ ಆಚೆಯಿಂದ ಯಾರೋ ಸ್ಪಷ್ಟವಾಗಿ, ಬಾವಿಯ ಆಳದಿಂದ ಎಂಬಂತೆ, "ಆ... ಮೆನ್" ಎಂದರು.

ಗುರುಗಳು ಒಂದೇ ಉಸಿರಿಗೆ ಮೆಟ್ಟಿಲಿಳಿದು ಓಡಿದರು. ಒಗೆಯುವ ಮನೆಗೆ ಗಂಡಸರು ಕಾಲಿಡಬಾರದೆಂಬುದು ಹೊಸಿಲು ದಾಟಿದ ಮೇಲೆ ನೆನಪಾಯಿತು. ತಟ್ಟನೆ ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡರು. ನೆಲದ ಮೇಲೆ ಸೋಪಿನ ನೀರಿತ್ತು. ಕಣ್ಣು ಮುಚ್ಚಿಕೊಂಡ ಪಾದ್ರಿ ಸರ್ರನೆ ಜಾರಿ, ಕೋಣೆಯ ಉದ್ದಕ್ಕೂ ಕುಳಿತೇ ಪ್ರಯಾಣ ಮಾಡಿ, ಒಗೆಯದ ಬಟ್ಟೆಗಳ ಗುಡ್ಡೆಗೆ ಹೋಗಿ ಹೊಕ್ಕರು.

"ಯಾರಮ್ಮಾ ಹಾಡಿದ್ದು? ಯಾವ ಅಂಬಿಗನ್ನ ಒಳಗೆ ಬಿಟ್ಕೊಂಡಿದ್ದೀರಿ?" ಗುಡ್ಡೆಯೊಳಗಿಂದ ಅವರ ದನಿ ಬಂತು. ಕೈ ಇನ್ನೂ ಕಣ್ಣಿನ ಮೇಲೇ ಇತ್ತು.

"ತಪ್ಪಾಯ್ತು ಗುರುಗಳೇ, ನಾನೇ," ಎಂದಳು ಓರ್ಸೊಲಾ.

ಗುರುಗಳು ಬೆರಳುಗಳನ್ನು ಅಷ್ಟೇ ಅಷ್ಟು ಬಿಡಿಸಿ ಸಂದಿಯಿಂದ ನೋಡಿದರು. ಅಂಬಿಗನೂ ಇಲ್ಲ, ಯಾರೂ ಇಲ್ಲ. ತೋಳಿನವರೆಗೆ ನೊರೆ ಮೆತ್ತಿಕೊಂಡ ಸಣಕಲು ಹುಡುಗಿ.

"ಇನ್ನೊಂದ್ಸಲ ಹೇಳು."

"ತಪ್ಪಾಯ್ತು."

"ತಪ್ಪಲ್ಲ ಮಗಳೇ, ಆಮೆನ್! ಆಮೆನ್ ಅನ್ನು!"

ಅವಳು ಅಂದಳು. ಹಂಡೆಯೂ ಅವಳೊಂದಿಗೆ ಅಂದಿತು. ದೋನ್ ಜಿರೋಲಮೊ ಬಟ್ಟೆಯ ಗುಡ್ಡೆಯ ಮೇಲೇ ಮಂಡಿಯೂರಿ, ತಲೆಯ ಮೇಲೆ ಯಾರದೋ ಕಾಲುಚೀಲ ಇರುವುದರ ಪರಿವೆಯಿಲ್ಲದೆ ದೇವರಿಗೆ ವಂದನೆ ಹೇಳಿದರು.

ಅವಳನ್ನು ತಿದ್ದುವ ಕೆಲಸ ಪ್ರುದೆನ್ಸಾ ಅಜ್ಜಿಯ ಪಾಲಿಗೆ ಬಂತು. ಈ ಅಜ್ಜಿಯೂ ಆಶ್ರಮದ ಕೂಸೇ. ಅರವತ್ತು ವರ್ಷ ಮೇಳದಲ್ಲಿ ಹಾಡಿ, ಹಲ್ಲು ಉದುರಿದ ಮೇಲೆ ನಶ್ಯದ ಡಬ್ಬಿಯೊಂದಿಗೆ ಅಟ್ಟದ ಮೂಲೆಯಲ್ಲಿ ಕುಳಿತು ಹೊಸಬರಿಗೆ ಪಾಠ ಹೇಳುತ್ತಿದ್ದಳು. ಪಾಠಕ್ಕಿಂತ ಹರಟೆ ಹೆಚ್ಚು. ಗುರುಗಳೂ ಬಂದು ಕುಳಿತಿರುತ್ತಿದ್ದರು.

"ಮೊದ್ಲೆಲ್ಲಾ ಎಲ್ರೂ ಒಂದೇ ಸಾಲು ಹಾಡ್ತಿದ್ರು ಕಣೇ," ಎಂದಳು ಅಜ್ಜಿ ಒಂದು ಮಧ್ಯಾಹ್ನ. "ಸನ್ಯಾಸಿಗಳು. ಸಣ್ಣ ಗಲ್ಲೀಲಿ ಒಬ್ರ ಹಿಂದೆ ಒಬ್ರು ಹೋಗ್ತಾರಲ್ಲ, ಹಂಗೆ. ನೂರಾರು ವರ್ಷ ಹಂಗೇ ಹೋದ್ರು. ಯಾರಿಗೂ ಬೇಜಾರಾಗ್ಲಿಲ್ಲ. ಆಮೇಲೆ ಯಾವನೋ ಒಬ್ಬ, ನಿದ್ದೆಗಣ್ಣಲ್ಲೋ ಏನೋ, ಒಂದು ಸ್ವರ ಹಿಡ್ಕೊಂಡು ಅಲ್ಲೇ ನಿಂತ್ಬಿಟ್ಟ. ಉಳಿದೋರು ಅವನ ತಲೆ ಮೇಲೇ ಹಾಡ್ಕೊಂಡು ಮುಂದೆ ಹೋದ್ರು. ಹೋದೋರು ತಿರುಗಿ ನೋಡಿದ್ರೆ, ಅಯ್ಯೋ, ಎಷ್ಟು ಚೆನ್ನಾಗಿದೆ!"

"ನಿಂಗೆ ಹೆಂಗೆ ಗೊತ್ತಜ್ಜಿ, ನೀನು ನೋಡಿದ್ಯಾ?" ಎಂದಳು ಜಾನೆಟ್ಟಾ.

"ನೋಡೋಕೆ ನಾನೇನು ಅಷ್ಟು ಮುದುಕೀನೇನೇ? ಸುಮ್ನೆ ಕೇಳು. ಆಮೇಲೆ ಒಬ್ಬೊಬ್ರೂ ಒಂದೊಂದು ದಾರಿ ಹಿಡಿದ್ರು. ಮೂರಾಯ್ತು, ನಾಲ್ಕಾಯ್ತು, ಎಂಟಾಯ್ತು. ಒಬ್ಬ ಬಾಯಿ ಮುಚ್ಚೋಕೆ ಮುಂಚೆ ಇನ್ನೊಬ್ಬ ಶುರು. ಮೀನುಪೇಟೆ ಆಗೋಯ್ತು. ದೇವ್ರ ಮಾತು ಒಂದಕ್ಷರ ಕೇಳಿಸ್ತಿಲ್ಲ ಅಂತ ದೊಡ್ಡ ದೊಡ್ಡ ಪಾದ್ರಿಗಳೆಲ್ಲ ಮುನಿಸ್ಕೊಂಡ್ರು. ಆಮೇಲೆ ನಮ್ಮೂರಲ್ಲೇ, ದೊರೆಗಳ ದೇವಾಲಯದಲ್ಲಿ ಎದುರುಬದುರು ಎರಡು ಅಟ್ಟ ಇದಾವಲ್ಲ, ಅಲ್ಲೊಂದು ಮೇಳ ಇಲ್ಲೊಂದು ಮೇಳ ನಿಲ್ಸಿದ್ರು. ಇವ್ರು ಒಂದು ಎಸೆಯೋದು, ಅವ್ರು ಹಿಡಿದು ವಾಪಸ್ ಎಸೆಯೋದು. ಕೆಳಗೆ ನಿಂತೋರಿಗೆ ತಲೆ ಗಿರ್ರ್ ಅನ್ನೋದು! ಅದಾದ್ಮೇಲೆ ಪಿಟೀಲು ಸೇರ್ಕೊಂಡ್ವು, ತುತ್ತೂರಿ ಸೇರ್ಕೊಂಡ್ವು, ಒಬ್ಬೊಬ್ಳೇ ಮುಂದೆ ಬಂದು ಕುಣಿಸಿ ಕುಣಿಸಿ ಹಾಡೋದು ಬಂತು, ಈ ಜಾನೆಟ್ಟಾ ತರದೋರು ಬಂದ್ರು. ಕರ್ಮ."

"ಮತ್ತೆ ನಾನು ಅಜ್ಜಿ?" ಎಂದಳು ಓರ್ಸೊಲಾ.

"ನೀನಾ? ಆ ನಿದ್ದೆಗಣ್ಣಿನ ಸನ್ಯಾಸಿ ಇದ್ನಲ್ಲ, ಅವನ ವಂಶದೋಳು ಕಣೇ ನೀನು! ನೀನು ನಿಂತ್ಕೊಂಡ್ರೇನೇ ಇವ್ರೆಲ್ಲ ಕುಣಿಯೋಕಾಗೋದು."

ಅಷ್ಟು ಹೊತ್ತು ಸುಮ್ಮನಿದ್ದ ದೋನ್ ಜಿರೋಲಮೊ ಹಣೆ ಚಚ್ಚಿಕೊಂಡು ಎದ್ದು ನಿಂತರು. "ಅಜ್ಜಿ! ಅದೇ! ಅದನ್ನೇ ಬರೀತೀನಿ! ಒಂದು ಸಾಲಿಂದ ಶುರುಮಾಡಿ, ಎಲ್ಲಾನೂ, ಎಲ್ಲಾನೂ!" ಎನ್ನುತ್ತ ಮೆಟ್ಟಿಲು ತಪ್ಪಿಸಿ ತಪ್ಪಿಸಿ ಇಳಿದುಹೋದರು. "ಏನು ಅದೇ? ನಾನೇನು ಹೇಳ್ದೆ?" ಎಂದು ಅಜ್ಜಿ ನಶ್ಯ ಏರಿಸಿದಳು.

ಈಸ್ಟರ್ ಕಳೆದು ಏಳು ವಾರಕ್ಕೆ ಬರುವ ಪೆಂತಕೋಸ್ತ್ ಹಬ್ಬದ ಸಂಜೆ ಓರ್ಸೊಲಾ ಮೊದಲ ಸಲ ಜಾಲರಿಯ ಹಿಂದೆ ನಿಂತಳು. ಒಂದು ಚಿಕ್ಕ ಕೀರ್ತನೆ ಅಷ್ಟೇ. ಕೆಳಗೆ ಬೀಸಣಿಗೆಗಳು ಪಟಪಟ ಆಡುತ್ತಿದ್ದವು, ಯಾವನೋ ಕಿತ್ತಳೆ ಸುಲಿಯುತ್ತಿದ್ದ. ಜಾನೆಟ್ಟಾಳ ಸ್ವರ ಮೇಲೇರಿತು, ಮಧ್ಯದವರು ಹಿಂಬಾಲಿಸಿದರು, ಆಮೇಲೆ ಓರ್ಸೊಲಾ ಬಾಯಿ ತೆರೆದಳು. ಬೀಸಣಿಗೆಗಳು ನಿಂತವು. ಕಿತ್ತಳೆಯ ಕೈ ನಿಂತಿತು. ಅವಳ ಸ್ವರ ಅಟ್ಟದ ಹಲಗೆಗಳಿಂದ ಕಂಬಗಳಿಗೆ, ಕಂಬಗಳಿಂದ ಬೆಂಚುಗಳಿಗೆ ಇಳಿದು, ಕುಳಿತವರ ಬೆನ್ನುಮೂಳೆಯಲ್ಲಿ ಹತ್ತಿತು.

ದೇವಾಲಯದಲ್ಲಿ ಚಪ್ಪಾಳೆ ತಟ್ಟುವಂತಿಲ್ಲ. ಹಾಗಾಗಿ ಹಾಡು ಹಿಡಿಸಿದರೆ ವೆನಿಸ್ಸಿನ ಜನ ಕೆಮ್ಮುತ್ತಾರೆ, ಕಾಲು ಕೆರೆಯುತ್ತಾರೆ, ಕರವಸ್ತ್ರಕ್ಕೆ ಮೂಗು ಒತ್ತಿ ಸದ್ದು ಮಾಡುತ್ತಾರೆ. ಆ ಸಂಜೆ ಎಂಥ ಕೆಮ್ಮು! ಊರಿಗೆಲ್ಲ ಒಟ್ಟಿಗೆ ನೆಗಡಿ ಹಿಡಿದಂತೆ ಕೆಮ್ಮಿದರು. ಜಾಲರಿಯ ಹಿಂದೆ ಜಾನೆಟ್ಟಾ ಓರ್ಸೊಲಾಳ ಪಕ್ಕೆ ತಿವಿದು, "ನೋಡೇ, ನಿನ್ನಿಂದ ಊರಿಗೇ ಕಫ ಕಟ್ಟಿತು," ಎಂದಳು.

ಮಾರನೆಯ ದಿನ ರೊಟ್ಟಿ ತರುವವಳು ಸುದ್ದಿಯನ್ನೂ ತಂದಳು. ಹೆಣ್ಣುಮಕ್ಕಳ ಅಟ್ಟದಲ್ಲಿ ಒಬ್ಬ ಗಂಡಸನ್ನು ಬಚ್ಚಿಟ್ಟಿದ್ದಾರಂತೆ. ಸುದ್ದಿ ಸಂಜೆ ದೋಣಿಕಟ್ಟೆಗೆ ತಲಪುವಾಗ ಗಂಡಸರು ಇಬ್ಬರಾಗಿದ್ದರು. ವಾರ ಕಳೆಯುವುದರೊಳಗೆ ಅವರಲ್ಲೊಬ್ಬನಿಗೆ ಮಂಡಿಯುದ್ದದ ಗಡ್ಡ ಬಂದು, ತುರ್ಕರ ನಾಡಿನಿಂದ ಓಡಿಬಂದ ಕೈದಿಯೂ ಆಗಿದ್ದ. ಹುಡುಗಿಯರಿಗೆ ಇದಕ್ಕಿಂತ ಸುಖ ಬೇಕೇ? ಊಟದ ಹೊತ್ತಿನಲ್ಲಿ "ತುರ್ಕಣ್ಣಾ, ಸಾರು ಇತ್ಲಾಗೆ ಕಳಿಸು" ಎಂದು ಓರ್ಸೊಲಾಳನ್ನು ಕರೆಯುವುದೇ ಆಯಿತು.

ಆದರೆ ಹೆರ್ ಕ್ರಾಟ್ಸ್ ಬಂದ ಮೇಲೆ ವಿಷಯ ನಗೆಯಲ್ಲಿ ಮುಗಿಯಲಿಲ್ಲ. ಜರ್ಮನ್ನರ ಸ್ಯಾಕ್ಸನಿ ಕಡೆಯ ಯಾವುದೋ ಪಟ್ಟಣದಲ್ಲಿ ಈತ ದೇವಾಲಯದ ಸಂಗೀತಗಾರ. ಉದ್ದ ಮನುಷ್ಯ, ಅಷ್ಟೇ ಉದ್ದ ಮುಖ. ಇಲ್ಲಿನ ಹಾಡು ಕೇಳಲೆಂದೇ ಪರ್ವತ ದಾಟಿ ಬಂದಿದ್ದ. ಊರಿನ ಭಾಷೆಯನ್ನು ಪುಸ್ತಕದಿಂದ ಕಲಿತವನಾದ್ದರಿಂದ ಬಾಯಿ ತೆರೆದರೆ ಪುಸ್ತಕವೇ ಬೀಳುತ್ತಿತ್ತು. ಆತ ಆಶ್ರಮದ ಆಡಳಿತ ಸಭೆಯ ಮುಖ್ಯಸ್ಥ ಸೆರ್ ಲುನಾರ್ದೊ ಅವರ ಎದುರು ನಿಂತು ಹೇಳಿದ:

"ಮಾನ್ಯರೇ, ನಾನು ಇಪ್ಪತ್ತು ವರ್ಷಗಳಿಂದ ಗಾಯಕರಿಗೆ ಶಿಕ್ಷಣ ನೀಡುತ್ತ ಬಂದಿರುತ್ತೇನೆ. ತಮ್ಮ ಅಟ್ಟದಲ್ಲಿ ಕೇಳಿಬಂದದ್ದು ಪುರುಷ ಕಂಠ. ಸ್ಥೂಲಕಾಯದ ಪುರುಷನ ಕಂಠ. ಸ್ತ್ರೀಯರ ಕಂಠನಾಳದಲ್ಲಿ ಅಂತಹ ಸ್ವರವು ಉತ್ಪನ್ನವಾಗಲಾರದು."

ಸೆರ್ ಲುನಾರ್ದೊ ಮಧ್ಯಾಹ್ನದ ನಿದ್ದೆ ಕೆಟ್ಟ ಸಿಟ್ಟಿನಲ್ಲಿದ್ದರು. ಪರದೇಶದವರು ಹೀಗೆಂದರೆ ಮನೆಯ ಮರ್ಯಾದೆ ಏನಾಗಬೇಕು? ಅವರು ಹಿರಿಯಮ್ಮನನ್ನೂ ಗುರುಗಳನ್ನೂ ಕರೆಸಿ, "ಗಂಡಸಲ್ಲ ಅಂತ ತೋರಿಸ್ಬೇಕು. ಇಲ್ಲಾಂದ್ರೆ ಆ ದನಿ ಇನ್ನು ಹಾಡಕೂಡದು, ಅಷ್ಟೇ," ಎಂದುಬಿಟ್ಟರು.

ತೋರಿಸುವುದು ಹೇಗೆ? ಮೇಳದ ಹುಡುಗಿಯರ ಮುಖವನ್ನು ಹೊರಗಿನ ಗಂಡಸರು ನೋಡುವಂತಿಲ್ಲ. ದೋನ್ ಜಿರೋಲಮೊಗೆ ಅನ್ನ ಸೇರಲಿಲ್ಲ. ಹಬ್ಬದ ಗಾನದ ತಳವೆಲ್ಲ ಓರ್ಸೊಲಾಳ ಮೇಲೆ ನಿಂತಿತ್ತು. ಓರ್ಸೊಲಾಳಂತೂ ಮತ್ತೆ ಹಂಡೆಯ ಮುಂದೆ ನಿಲ್ಲುವ ದಿನವನ್ನು ಎಣಿಸಿಕೊಂಡು, ಜಾನೆಟ್ಟಾಳ ಭುಜಕ್ಕೆ ಮುಖ ಒತ್ತಿ ಅತ್ತಳು. ಆ ಅಳುವೂ ಎಷ್ಟು ಆಳದ್ದೆಂದರೆ ಜಾನೆಟ್ಟಾ ಸಮಾಧಾನ ಹೇಳುತ್ತಲೇ, "ಅಳ್ಬೇಡ್ವೇ, ಮಂಚ ಅದುರ್ತಿದೆ," ಎಂದಳು. ಕೊನೆಗೆ ದಾರಿ ತೋರಿಸಿದವರು ಸೆರ್ ಲುನಾರ್ದೊ ಅವರ ಹೆಂಡತಿ ಕತರೂಜಾ. "ನಾನೇ ಜಾಲರಿ ಹಿಂದೆ ಹೋಗಿ ನೋಡ್ಕೊಂಡು ಬರ್ತೀನಿ. ನನ್ನ ಮಾತು ಸಾಕಲ್ಲ?" ಎಂದರು ಆಕೆ. ಮನೆಯಲ್ಲೂ ಕೊನೆಯ ಮಾತು ಅವರದೇ ಆದ್ದರಿಂದ ಸೆರ್ ಲುನಾರ್ದೊ ತಲೆಯಾಡಿಸಿದರು.

ಗೊತ್ತು ಮಾಡಿದ ದಿನ, ಅತಿಥಿಗಳ ಕೋಣೆಯಲ್ಲಿ ಜಾಲರಿಯ ಈಚೆ ಸೆರ್ ಲುನಾರ್ದೊ, ಸಭೆಯ ಇನ್ನಷ್ಟು ದೊಡ್ಡ ಮನುಷ್ಯರು, ಹೆರ್ ಕ್ರಾಟ್ಸ್, ಗುರುಗಳು. ಆಚೆ ಹಿರಿಯಮ್ಮ, ಅಜ್ಜಿ, ಕೈಕೈ ಹಿಡಿದುಕೊಂಡ ಜಾನೆಟ್ಟಾ ಮತ್ತು ಓರ್ಸೊಲಾ. ಕತರೂಜಾ ರೇಷ್ಮೆಯ ಲಂಗವನ್ನು ಅಡ್ಡಡ್ಡ ಮಾಡಿಕೊಂಡು ಸಣ್ಣ ಬಾಗಿಲಲ್ಲಿ ತೂರಿ ಒಳಗೆ ಬಂದರು. ಜಾನೆಟ್ಟಾ ದಷ್ಟಪುಷ್ಟವಾಗಿದ್ದಳು. ಕತರೂಜಾ ನೇರ ಅವಳ ಹತ್ತಿರ ಹೋಗಿ, "ಎಲ್ಲಿ, ಒಂದು ಸ್ವರ ಹಾಡು," ಎಂದರು.

ಜಾನೆಟ್ಟಾ 'ಕೀ' ಎಂದು ಹಾಡಿದಳು.

"ನೀನಲ್ಲ ಹಾಗಾದ್ರೆ. ಮತ್ತೆ ಯಾರು? ಈ ಕಡ್ಡೀನಾ?"

ಓರ್ಸೊಲಾ ಬಾಯಿ ತೆರೆದಳು. ಏನೂ ಬರಲಿಲ್ಲ. ಈಚೆ ಹೆರ್ ಕ್ರಾಟ್ಸ್, "ಮೌನ! ನಿರೀಕ್ಷಿತವೇ ಆಗಿರುವ ಮೌನ!" ಎಂದ. ಗುರುಗಳು ಬೆವರು ಒರೆಸಿಕೊಂಡರು. ಆಗ ಜಾನೆಟ್ಟಾ ಗೆಳತಿಯ ಕಿವಿಯಲ್ಲಿ ಪಿಸುಗುಟ್ಟಿದಳು: "ಅಮ್ಮಾವ್ರ ತಲೆ ನೋಡೇ. ಅಷ್ಟೆತ್ತರದ ಟೋಪನ್ನು, ಮೇಲೊಂದು ಹಡಗು. ಬಾಗಿಲಿಗೆ ತಾಗಿ ಹಡಗು ಮುಳುಗ್ತಿದೆ."

ಓರ್ಸೊಲಾ ನೋಡಿದಳು. ಕತರೂಜಾರ ಬೂದಿಬಣ್ಣದ ಟೋಪನ್ನಿನ ಮೇಲಿನ ಪುಟ್ಟ ಬೆಳ್ಳಿಯ ಹಡಗು ನಿಜವಾಗಿಯೂ ಕಿವಿಯ ಕಡೆಗೆ ವಾಲಿತ್ತು. ಅವಳಿಗೆ ನಗು ತಡೆಯಲಾಗಲಿಲ್ಲ. ಹೆದರಿಕೆಯೆಲ್ಲ ಒಟ್ಟಾಗಿ ನಗೆಯಾಗಿ ಹೊರಬಿತ್ತು. ಹೋ ಹೋ ಹೋ ಎಂದು ಪೀಪಾಯಿ ಉರುಳಿದಂಥ ನಗು; ಕಿಟಕಿ ಗಲಗಲ ಎಂದಿತು, ಮೇಜಿನ ಮೇಲಿನ ಪುಟ್ಟ ಬಟ್ಟಲುಗಳು ತಟ್ಟೆಯಲ್ಲಿ ಕುಣಿದವು. ಕತರೂಜಾ ಒಂದು ಹೆಜ್ಜೆ ಹಿಂದೆ ಹಾರಿದರು. ಆಮೇಲೆ ಆ ಕಡ್ಡಿಯಂಥ ಹುಡುಗಿಯ ಬಾಯಿಯನ್ನೂ, ಕುಲುಕುತ್ತಿದ್ದ ಹೊಟ್ಟೆಯನ್ನೂ ನೋಡಿ ಅವರಿಗೂ ನಗು ಹತ್ತಿತು. ಆಕೆ ನಗುತ್ತ ಬಾಗಿದರು, ಹಡಗು ಟೋಪನ್ನಿನೊಂದಿಗೆ ನೆಲಕ್ಕೆ ಇಳಿಯಿತು, ಅಜ್ಜಿ ಅದನ್ನು ಎತ್ತಿ ತನ್ನ ತಲೆಯ ಮೇಲಿಟ್ಟುಕೊಂಡಳು, ಹಿರಿಯಮ್ಮ ಕೂಡ ಗೋಡೆಗೆ ತಿರುಗಿ ಹೆಗಲು ಕುಣಿಸತೊಡಗಿದಳು.

"ಏನಾಗ್ತಿದೆ ಅಲ್ಲಿ?" ಎಂದು ಸೆರ್ ಲುನಾರ್ದೊ ಕೂಗಿದರು.

"ಹೆಣ್ಣೇ ಕಣ್ರೀ!" ಕತರೂಜಾ ಉಸಿರು ಹಿಡಿದು ಹೇಳಿದರು. "ಕಣ್ಣಾರೆ ನೋಡ್ದೆ! ನಮ್ಮನೆ ಬೆಕ್ಕಿಗಿಂತ ಸಣ್ಣಕ್ಕಿದಾಳೆ!"

"ಗೌರವಾನ್ವಿತ ಮಹಿಳೆಯು ವಂಚನೆಗೊಳಗಾಗಿರಬಹುದು," ಎಂದ ಹೆರ್ ಕ್ರಾಟ್ಸ್. "ಆಕೆಯ ಬೆನ್ನ ಹಿಂದೆ ಸ್ಥೂಲಕಾಯನು ಇರಬಹುದು."

ಕತರೂಜಾಗೆ ರೇಗಿತು. "ಓಹೋ! ಹಾಗಾದ್ರೆ ಇಲ್ಲಿ ಬನ್ನಿ ಸ್ವಾಮಿ. ಮುಖ ತೋರಿಸಬಾರದು ಅಂತಿದೆ, ಕೈ ತೋರಿಸಬಾರದು ಅಂತ ಎಲ್ಲೂ ಇಲ್ಲ. ಮಗೂ, ಕೈ ಚಾಚು."

ಜಾಲರಿಯ ಸಂದಿಯಿಂದ ಒಂದು ಕೈ ಹೊರಬಂತು. ಸೋಪಿಗೆ ಒಡೆದು ಕೆಂಪಾದ, ಸಣ್ಣ ಬೆರಳುಗಳ ಹುಡುಗಿಯ ಕೈ. ಹೆರ್ ಕ್ರಾಟ್ಸ್ ಅದರ ಮಣಿಕಟ್ಟನ್ನು ನಾಡಿ ನೋಡುವ ವೈದ್ಯನಂತೆ ಎರಡು ಬೆರಳಲ್ಲಿ ಹಿಡಿದ.

"ಈಗ ಹಾಡಲಿ," ಎಂದ.

ಓರ್ಸೊಲಾ ಹಾಡಿದಳು. ಹಬ್ಬದ ಗಾನದ ತಳದ ಸಾಲು. ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಇನ್ನು ಇಳಿಯಲು ಜಾಗವಿಲ್ಲ ಎನ್ನುವಲ್ಲಿಂದ ಮತ್ತೂ ಒಂದು ಮೆಟ್ಟಿಲು ಇಳಿದಳು. ಅಲ್ಲಿ ನಿಂತಾಗ ಅವಳ ಎಲುಬುಗಳ ಮೂಲಕ ಹರಿದ ಸ್ವರ ಆ ಮಣಿಕಟ್ಟಿನಲ್ಲಿ ದುಂಬಿಯಂತೆ ಗುಂಯ್‌ಗುಟ್ಟಿತು. ಹೆರ್ ಕ್ರಾಟ್ಸನ ಉದ್ದನೆಯ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು, ಆಮೇಲೆ ಅದರ ಅಡ್ಡಕ್ಕೆ ನಿಧಾನವಾಗಿ ಒಂದು ನಗೆ ಬಿರಿಯಿತು. ಆ ಮುಖಕ್ಕೆ ಆ ಕೆಲಸ ಅಭ್ಯಾಸವಿರಲಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು.

"ಇದೆ!" ಎಂದ. "ಒಳಗೆ ಇದೆ! ಈಕೆಯ ಒಳಗೆ ಇದೆ!"

ಆತ ಕೈ ಬಿಡಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಎದೆಯುಬ್ಬಿಸಿ, ಗಂಟಲು ಸಣ್ಣ ಮಾಡಿ, ಓರ್ಸೊಲಾಳ ಸ್ವರದ ಮೇಲೆ ಹೆಂಗಸಿನ ದನಿಯಲ್ಲಿ ಹಾಡತೊಡಗಿದ. ತಾಯಾಣೆ, ಎಷ್ಟು ಇಂಪಾದ ಹೆಂಗಸಿನ ದನಿ! ಅವನ ಊರಿನಲ್ಲಿ ಹೆಣ್ಣುಮಕ್ಕಳು ದೇವಾಲಯದ ಮೇಳದಲ್ಲಿ ಬಾಯಿ ತೆರೆಯುವಂತಿರಲಿಲ್ಲವಂತೆ. ಮೇಲಿನ ಸಾಲುಗಳನ್ನು ಗಂಡುಮಕ್ಕಳೂ ಗಂಡಸರೂ ಹೀಗೆ ಕೀರಲು ಮಾಡಿಕೊಂಡು ಹಾಡಬೇಕು. ಈಗ ಜಾಲರಿಯ ಈಚೆ ಆರಡಿಯ ಗಂಡಸು ಹೆಣ್ಣಾಗಿ ಹಾಡುತ್ತಿದ್ದಾನೆ, ಆಚೆ ಬೆಕ್ಕಿನ ಗಾತ್ರದ ಹುಡುಗಿ ಗಂಡಾಗಿ ಹಾಡುತ್ತಿದ್ದಾಳೆ, ನಡುವೆ ಕೈ ಹಿಡಿದುಕೊಂಡಿದ್ದಾರೆ. ಜಾನೆಟ್ಟಾ ತಡೆಯಲಾರದೆ ತನ್ನ ಸ್ವರವನ್ನು ಇಬ್ಬರ ಸ್ವರದ ಮೇಲೂ ಹತ್ತಿಸಿ ಕೂರಿಸಿದಳು. ದೋನ್ ಜಿರೋಲಮೊ ನಡುವಿನ ಸಾಲು ಹಿಡಿದು, ಕುಣಿಯುತ್ತ, ಮಸಿಕಲೆಯ ತೋಳು ಬೀಸುತ್ತ ತಾಳ ಹಾಕಿದರು. ಸೆರ್ ಲುನಾರ್ದೊ ಕುರ್ಚಿಯ ಕೈಗೆ ಬೆರಳು ಬಡಿಯುತ್ತಿದ್ದುದನ್ನು ಕತರೂಜಾ ಕಂಡು, "ರೀ, ತಾಳ ತಪ್ಪಿದೆ," ಎಂದರು.

ಹಾಡು ನಿಂತ ಮೇಲೆ ಸಭೆಯ ದೊಡ್ಡ ಮನುಷ್ಯರಲ್ಲಿ ಒಬ್ಬರು ಕೆಮ್ಮಿದರು. ಮತ್ತೊಬ್ಬರು ಕೆಮ್ಮಿದರು. ಕ್ಷಣದಲ್ಲಿ ಕೋಣೆಗೆ ಕೋಣೆಯೇ ಕೆಮ್ಮುತ್ತಿತ್ತು.

ಹೆರ್ ಕ್ರಾಟ್ಸ್ ಜಾಲರಿಯ ಹತ್ತಿರ ಬಾಗಿ, ಅಷ್ಟೇ ಗಂಭೀರವಾಗಿ, "ನಾನು ತಮ್ಮಲ್ಲಿ ಕ್ಷಮೆಯನ್ನು ಯಾಚಿಸುತ್ತೇನೆ, ಕುಮಾರಿ," ಎಂದ. "ನನಗೆ ಒಬ್ಬ ಮಗಳಿರುವಳು. ಆಕೆಯು ಅಡಿಗೆಮನೆಯಲ್ಲಿ ಮಾತ್ರ ಹಾಡುವಳು. ನಾನು ಮರಳಿದ ನಂತರ ನಮ್ಮ ಪುರಸಭೆಯನ್ನು ಕೇಳುವೆನು, ಆಕೆ ಮೇಳದಲ್ಲಿ ಹಾಡಬಹುದೇ ಎಂದು. ಅವರು ಇಲ್ಲವೆನ್ನುವರು."

"ಆಮೇಲೆ?" ಎಂದಳು ಓರ್ಸೊಲಾ.

"ಪುನಃ ಕೇಳುವೆನು."

"ಅವ್ರೇ ಮೆಚ್ಚಿ ಕೆಮ್ಮೋ ತನಕ ಕೇಳಿ ಸ್ವಾಮಿ," ಎಂದಳು ಅಜ್ಜಿ. ಹಡಗಿನ ಟೋಪನ್ನನ್ನು ಅವಳು ಇನ್ನೂ ವಾಪಸು ಕೊಟ್ಟಿರಲಿಲ್ಲ.

ಆಗಸ್ಟಿನ ಹಬ್ಬದ ಸಂಜೆ ದೇವಾಲಯದಲ್ಲಿ ಸೂಜಿ ಹಾಕಲು ಜಾಗವಿರಲಿಲ್ಲ. ಮೆಟ್ಟಿಲುಗಳ ಮೇಲೆ ಜನ, ಹೊರಗೆ ಕಾಲುವೆಯಲ್ಲಿ ಒಂದಕ್ಕೊಂದು ಒತ್ತಿ ನಿಂತ ದೋಣಿಗಳಲ್ಲಿ ಜನ. ತುರ್ಕನ ಗಡ್ಡ ಕಂಡೀತೆಂದು ಕುತ್ತಿಗೆ ಚಾಚಿದವರು ಇನ್ನೂ ಇದ್ದರು. ಗುರುಗಳು ಎದುರುಗೋಡೆಯ ಖಾಲಿ ಅಟ್ಟಕ್ಕೂ ಜಾಲರಿ ಹಾಕಿಸಿ, ಹುಡುಗಿಯರನ್ನು ಎರಡು ಅಟ್ಟಗಳಲ್ಲಿ ಎದುರುಬದುರಾಗಿ ನಿಲ್ಲಿಸಿದ್ದರು.

ಮೊದಲು ಒಂದೇ ಸಾಲು. ಪಿಟೀಲಿಲ್ಲ, ಏನಿಲ್ಲ. ಎಲ್ಲರೂ ಒಂದೇ ದನಿಯಾಗಿ, ಹಳೆಯ ಸನ್ಯಾಸಿಗಳು ನಡೆದಂತೆ ನಡೆದರು. ಬೀಸಣಿಗೆಯವರು ಒಬ್ಬರನ್ನೊಬ್ಬರು ನೋಡಿಕೊಂಡರು, ಇಷ್ಟೇನಾ? ಅಷ್ಟರಲ್ಲಿ ಓರ್ಸೊಲಾ ಸಾಲಿನ ಕೊನೆಯ ಸ್ವರವನ್ನು ಹಿಡಿದು ಅಲ್ಲೇ ನಿಂತಳು. ಉಳಿದವರು ಅವಳನ್ನು ಬಿಟ್ಟು ಮೇಲೆ ಹೊರಟರು. ಓರ್ಸೊಲಾ ನಿಂತಳು, ನಿಂತೇ ನಿಂತಳು, ತನ್ನ ಪಾದದಡಿಯ ಹಲಗೆ, ಅದರಡಿಯ ಕಲ್ಲು, ಅದರಡಿಯ ನೀರು ಎಲ್ಲವೂ ತನ್ನೊಂದಿಗೆ ಬಾಯಿ ತೆರೆದಂತೆ ಅವಳಿಗೆ ಅನಿಸಿತು. ಅವಳ ಮೇಲೆ ಎರಡನೆಯ ದಾರಿ ತೆರೆಯಿತು, ಮೂರನೆಯದು ತೆರೆಯಿತು, ಒಬ್ಬಳ ಬಾಲ ಹಿಡಿದು ಇನ್ನೊಬ್ಬಳು ಓಡಿದಳು, ಸಿಕ್ಕಳು, ತಪ್ಪಿಸಿಕೊಂಡಳು. ಒಮ್ಮೆಲೇ ಎದುರಿನ ಅಟ್ಟ ಎದ್ದಿತು. ಅವರು ಎಸೆದರು, ಇವರು ಹಿಡಿದರು. ಇವರು ಎಸೆದರು, ಅವರು ಹಿಡಿದು ಇನ್ನೂ ಎತ್ತರಕ್ಕೆ ಎಸೆದರು. ಕೆಳಗಿನ ತಲೆಗಳೆಲ್ಲ ಗಾಳಿಗೆ ಸಿಕ್ಕ ಪೈರಿನಂತೆ ಎಡಕ್ಕೆ ಬಲಕ್ಕೆ ವಾಲಿದವು. ಪಿಟೀಲುಗಳು ನುಗ್ಗಿದವು, ತುತ್ತೂರಿ ಹೊಳೆಯಿತು, ಜಾನೆಟ್ಟಾ ಇವೆಲ್ಲದರ ಮೇಲೆ ಒಬ್ಬಳೇ ಸುತ್ತಿ ಸುತ್ತಿ ಮೇಲೇರಿ ಚಾವಣಿಯ ಬಣ್ಣದ ದೇವದೂತರನ್ನು ಮುಟ್ಟಿದಳು. ಕೊನೆಗೆ ಎಲ್ಲರೂ ಒಟ್ಟಿಗೆ 'ಆಮೆನ್'ಗೆ ಬಂದರು, ಬಂದವರು ಬಿಡಲೊಲ್ಲರು. ಅದೊಂದೇ ಮಾತನ್ನು ತಿರುಗಿಸಿ, ಮಗುಚಿ, ಮೇಲಕ್ಕೆಸೆದು ಹಿಡಿದು, ಮತ್ತೆ ಎಸೆದರು. ಗುರುಗಳು ತಾಳದ ಕೋಲನ್ನು ಎಲ್ಲೋ ಬೀಳಿಸಿಕೊಂಡು ಬರಿಗೈಯಲ್ಲೇ ಗಾಳಿಯನ್ನು ನಾದುತ್ತಿದ್ದರು. ಕೊನೆಯ ಆಮೆನ್‌ನ ಅಡಿಯಲ್ಲಿ ಓರ್ಸೊಲಾ ಇಳಿದಳು, ಬರೆದಿದ್ದ ಸ್ವರಕ್ಕೆ ಬಂದಳು. ಅಲ್ಲಿ ನಿಂತಾಗ ಅವಳಿಗೆ ಕೆಳಗೆ ಇನ್ನೂ ಒಂದು ಸ್ವರ ಖಾಲಿ ಬಿದ್ದಿದ್ದು ಕಂಡಿತು. ಕೇಳದೆ, ಹೇಳದೆ, ಅದಕ್ಕೂ ಇಳಿದಳು.

ಆಮೇಲಿನ ಕೆಮ್ಮಿಗೆ ಪಾರಿವಾಳಗಳು ಗೋಪುರ ಬಿಟ್ಟು ಎದ್ದವು. ಎಲ್ಲರಿಗಿಂತ ಜೋರಾಗಿ ಕೆಮ್ಮಿದವನು ಹೆರ್ ಕ್ರಾಟ್ಸ್. ಕೆಮ್ಮಿ ಕೆಮ್ಮಿ ಅವನಿಗೆ ನಿಜವಾದ ಕೆಮ್ಮೇ ಹತ್ತಿ, ಪಕ್ಕದವರು ಬೆನ್ನು ಗುದ್ದಬೇಕಾಯಿತು.

"ಆ ಕೊನೇದನ್ನ ನಾನು ಬರೆದಿರ್ಲಿಲ್ಲ," ಎಂದರು ಗುರುಗಳು ಅಟ್ಟದ ಮೆಟ್ಟಿಲ ಬುಡದಲ್ಲಿ, ಮುಖ ಬಿಗಿ ಮಾಡಿಕೊಂಡು.

"ಅಲ್ಲಿ ಖಾಲಿ ಇತ್ತು ಗುರುಗಳೇ," ಎಂದಳು ಓರ್ಸೊಲಾ.

ಗುರುಗಳ ಬಿಗಿಮುಖ ಅರ್ಧ ಗಳಿಗೆಯೂ ನಿಲ್ಲಲಿಲ್ಲ. ಅಲ್ಲೇ ಜೇಬಿನಿಂದ ಸೀಸದ ಕಡ್ಡಿ ತೆಗೆದು, ಹಾಳೆಯ ತಳದಲ್ಲಿ ಆ ಸ್ವರವನ್ನು ಬರೆದುಕೊಂಡರು.

ಆ ರಾತ್ರಿಯ ಊಟಕ್ಕೆ ಕತರೂಜಾ ತಮ್ಮ ಮನೆಯಿಂದ ದ್ರಾಕ್ಷಿ ಹಾಕಿ ಕರಿದ ಬಿಸಿ ಬಿಸಿ ಫ್ರಿತೋಲೆ ಕಳಿಸಿದ್ದರು. ಸಕ್ಕರೆ ಮೆತ್ತಿದ ಬಾಯಲ್ಲೇ ಹುಡುಗಿಯರು ಹಾಡಿದ್ದನ್ನೇ ಮತ್ತೆ ಹಾಡುತ್ತಿದ್ದರು. ಮೇಜಿನ ಈ ತುದಿಯವರು ಎಸೆದರೆ ಆ ತುದಿಯವರು ಹಿಡಿಯುತ್ತಿದ್ದರು. ಎರಡು ಪುಟ್ಟ ಹುಡುಗಿಯರು ಗದ್ದವನ್ನು ಕುತ್ತಿಗೆಗೆ ಒತ್ತಿಕೊಂಡು, ಓರ್ಸೊಲಾಳಂತೆ ಕೆಳಗಿಳಿಯಲು ಹೋಗಿ ಕಪ್ಪೆಗಳಂತೆ ವಟಗುಟ್ಟುತ್ತಿದ್ದರು. ಮಲಗುವ ಗಂಟೆ ಹೊಡೆಯಲು ಬಂದ ಹಿರಿಯಮ್ಮ ಬಾಗಿಲಲ್ಲಿ ನಿಂತು ನೋಡಿದಳು, ಗಂಟೆಯನ್ನು ನಿಲುವಂಗಿಯ ಮರೆಗೆ ಸೇರಿಸಿ, ಒಂದು ಫ್ರಿತೋಲೆ ಎತ್ತಿಕೊಂಡು ಓರ್ಸೊಲಾಳ ಪಕ್ಕದಲ್ಲಿ ಜಾಗ ಮಾಡಿಕೊಂಡು ಕುಳಿತಳು.

"ಮೆಲ್ಲಗೆ ಹಾಡೇ," ಎಂದಳು. "ನಂಗೂ ಒಂಚೂರು ಹೇಳ್ಕೊಡು."